ವನಜಳ ಕಾವಲಿನವರು

ನಮ್ಮೂರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಯಾರೂ ಇನ್ನೊಬ್ಬರ ಕೈ ಹಿಡಿಯುವುದಿಲ್ಲ. ನಾನು ಬಳೆ ತೊಡಿಸುವವಳು, ಕೈ ಹಿಡಿಯದೆ ನನ್ನ ಹೊಟ್ಟೆ ತುಂಬುವುದಿಲ್ಲ. ಆದರೂ ಹೊತ್ತು ಇಳಿಯಿತೆಂದರೆ, ಎದುರಿಗೆ ಮದುವಣಗಿತ್ತಿಯೇ ಕೈ ಚಾಚಿಕೊಂಡು ಕೂತಿದ್ದರೂ, ಬಳೆಯ ಮಲಾರ ಸುತ್ತಿ ಗೂಟಕ್ಕೆ ಹಾಕಿ, ಜಗಲಿಗೆ ಬಂದು ನನ್ನ ಬಟ್ಟಲು ಮುಂದಿಟ್ಟುಕೊಂಡು ಕೂರುತ್ತೇನೆ. ಅದು ಕಾವಲಿನವರು ಹೊರಗೆ ಬರುವ ಹೊತ್ತು. ಮಣಿಕಟ್ಟಿನ ಒಳಮಗ್ಗುಲಿನಿಂದ, ಬೆವರು ಒಡೆಯುವ ಹಾಗೆ, ಒಬ್ಬೊಬ್ಬರಾಗಿ ಇಳಿಯುತ್ತಾರೆ. ಎಳ್ಳಿಗಿಂತ ಸಣ್ಣವರು, ಬೆಳ್ಳಗಿನವರು. ಬಟ್ಟಲ ಅಂಚಿನ ಮೇಲೆ ಕೂತು ಗಂಜಿಯ ತಿಳಿ ಕುಡಿದು, ಹಗಲೆಲ್ಲ ಮೈಯೊಳಗೆ ಸುತ್ತಿದ ದಣಿವು ಆರಿಸಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ "ಸಾಕು, ಏಳ್ರಪ್ಪ" ಅಂದರೆ ಬಂದ ದಾರಿಯಲ್ಲೇ ಒಳಗೆ ಹೋಗುತ್ತಾರೆ.

ಸಂಜೆಯ ಬಸ್ಸು ಆ ಹೊತ್ತಿಗೆ ಎಲ್ಲಿದ್ದರೆ ಅಲ್ಲೇ ನಿಲ್ಲುತ್ತದೆ. ಡ್ರೈವರು, ಕಂಡಕ್ಟರು, ಬಸ್ಸಿನಲ್ಲಿದ್ದವರು ಎಲ್ಲ ಚೀಲದಿಂದ ಬಟ್ಟಲು ತೆಗೆದು ರಸ್ತೆಯ ಬದಿಗೆ ಕೂರುತ್ತಾರೆ. ಗೋಧೂಳಿ ಲಗ್ನ ಅನ್ನುವುದು ನಮ್ಮಲ್ಲಿಲ್ಲ. ಅಕ್ಕಪಕ್ಕದವರ ಜಗಳವೂ ಇದರದ್ದೇ: "ನಿಮ್ಮೋರು ನಮ್ಮ ಬಟ್ಲಿಗೆ ಬಾಯಿ ಹಾಕಿದ್ರು", "ನಿಮ್ಮ ಬಟ್ಲಲ್ಲಿ ಏನಿತ್ತು ಅಂತ ಬಾಯಿ ಹಾಕ್ತಾರೆ, ಬರೀ ನೀರು!" ಒಬ್ಬರ ಕಾವಲಿನವರು ಇನ್ನೊಬ್ಬರ ಮೈ ಹೊಕ್ಕರೆ ಇಬ್ಬರಿಗೂ ಕಷ್ಟ. ಕೈ ಹಿಡಿಯಬಾರದು ಅನ್ನುವುದು ಅದಕ್ಕೇ.

ದಿನಾ ನೋಡಿ ನೋಡಿ ನಮಗೆ ಅವರ ಗುಣ ಗೊತ್ತು. ಅವರಲ್ಲಿ ಕೆಲವರು ಗುರುತಿನವರು. ಹಿಂದೊಮ್ಮೆ ಬಂದ ಜ್ವರದ ಬಟ್ಟೆಯ ಚೂರನ್ನು ಜೋಪಾನವಾಗಿ ಇಟ್ಟುಕೊಂಡು, ಇಂಥವನು ಮತ್ತೆ ಬಂದರೆ ಬಿಡಬೇಡಿ ಎಂದು ಉಳಿದವರಿಗೆ ತೋರಿಸುವುದು ಅವರ ಕೆಲಸ. ಕೆಲವರು ಏಟಿನವರು, ತೋರಿಸಿದ್ದೇ ತಡ ನುಗ್ಗುತ್ತಾರೆ. ಇವರೆಲ್ಲರ ಹಿಂದೆ ನಿಧಾನಕ್ಕೆ ನಡೆದು ಬರುವವರು ಹಿರಿಯರು. ಜಗಳ ಮುಗಿದ ಮೇಲೂ ಕೈ ಬೀಸುತ್ತಿರುವವರ ತೋಳು ಹಿಡಿದು ಎಳೆದು ತರುವುದು ಅವರ ಪಾಲಿನದು. ಬೀಗರ ಊಟದಲ್ಲಿ ಅಂಥ ಒಬ್ಬ ದೊಡ್ಡಪ್ಪ ಇಲ್ಲದಿದ್ದರೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ.

ಹುಟ್ಟಿದ ಕೂಸಿನ ಕಾವಲಿನವರಿಗೆ ಏನೂ ತಿಳಿದಿರುವುದಿಲ್ಲ. ಅದಕ್ಕೆ ತೊಟ್ಟಿಲಿಗೆ ಹಾಕಿದ ದಿನ ಸಂಜೆ ತಾಯಿಯ ಬಟ್ಟಲಿಗೆ ಕೂಸಿನ ಬಟ್ಟಲನ್ನು ಅಂಚಿಗೆ ಅಂಚು ತಾಗಿಸಿ ಇಡುತ್ತಾರೆ. ಬಟ್ಟಲು ಕೂಡಿಸುವುದು ಅಂತ ಅದಕ್ಕೆ ಹೆಸರು. ನಮ್ಮವರು ಯಾರು, ಕಳ್ಳರು ಯಾರು ಎಂದು ತಾಯಿಯ ಕಡೆಯವರು ಕೂಸಿನ ಕಡೆಯವರಿಗೆ ಹೇಳಿಕೊಡುತ್ತಾರೆ. ತಾಯಿ ಇಲ್ಲದ ಕೂಸಾದರೆ ಕೇರಿಯ ಇನ್ನೊಬ್ಬಳು ಬಟ್ಟಲು ಕೊಡುತ್ತಾಳೆ. ಬದುಕಿರುವ ತಾಯಿಯೇ ಕೂಡಿಸಲಿಲ್ಲ ಅನ್ನುವುದು ಮಾತ್ರ ನಮ್ಮೂರಿನಲ್ಲಿ ಹೆಂಗಸಿಗೆ ಆಡಬಾರದ ಮಾತು. ನನಗೆ ಮಕ್ಕಳಿಲ್ಲ. ನನ್ನ ಬಟ್ಟಲು ಯಾವ ಬಟ್ಟಲನ್ನೂ ಮುಟ್ಟಿಲ್ಲ.

ಇಷ್ಟನ್ನು ಮೊದಲೇ ಹೇಳಿದ್ದು ವನಜಳಿಗಾಗಿ. ನನ್ನ ಅಂಗಡಿಯ ಮುಂಭಾಗದಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ರವಿಕೆ, ಲಂಗ ಹೊಲಿಯುವವಳು ಅವಳು. ಗಂಡ ಲೋಕನಾಥನದು ಎದುರಿನ ಅಂಗಡಿ, ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ. ಇವಳು ಪೆಡಲ್ ತುಳಿಯುತ್ತ ತಲೆಯೆತ್ತಿದರೆ ಅವನು ತಂತಿ ಸುತ್ತುತ್ತ ತಲೆಯೆತ್ತಿರುತ್ತಿದ್ದ. ನಡುವೆ ಕೂತ ನಾನು ಬಳೆ ಒರೆಸುತ್ತ ತಲೆ ತಗ್ಗಿಸುತ್ತಿದ್ದೆ. ಮದುವೆಯಾಗಿ ಕೆಲವು ವರ್ಷ ಆಗಿತ್ತು. ವನಜಳಿಗೆ ಕೂಸಿನ ಆಸೆ. ಬಾಯಿಬಿಟ್ಟು ಹೇಳಿದವಳಲ್ಲ, ಆದರೆ ಯಾರದಾದರೂ ಪುಟ್ಟ ಮಗಳ ಲಂಗ ಹೊಲಿದಾಗ, ಅಂಚು ಮಡಿಸಿ ಗುಂಡಿ ಹಾಕಿ ಆದ ಮೇಲೂ ಬಟ್ಟೆಯನ್ನು ಕೆಳಗಿಡುತ್ತಿರಲಿಲ್ಲ.

ಮೊದಲು ಕೆಟ್ಟದ್ದು ಬಣ್ಣ. ಹಾಲಿನ ನಾಗಮ್ಮ ಕೆಂಪು ರವಿಕೆ ಹೊಲಿಯಲು ಕೊಟ್ಟಿದ್ದವಳು ಬಂದು ಬಿಚ್ಚಿ ನೋಡಿ ಬೀದಿಗೆ ಕೇಳುವ ಹಾಗೆ ಅಂದಳು: "ಕೆಂಪು ರವಿಕೆಗೆ ಇಟ್ಟಿಗೆ ಬಣ್ಣದ ದಾರ ಹಾಕಿದೀಯಲ್ಲೇ! ಕಣ್ಣು ಯಾವ ಅಂಗಡಿ ಮೇಲಿತ್ತು?" ಎಲ್ಲರೂ ನಕ್ಕೆವು. ವನಜಳೂ ನಕ್ಕಳು. ನಾಗಮ್ಮ ಅತ್ತ ಹೋದ ಮೇಲೆ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ, ನನ್ನ ಗೂಟದ ಕಡೆ ನೋಡಿದಳು.

"ಗುರಕ್ಕ, ಈ ಕಣ್ಣಲ್ಲಿ ನೋಡಿದ್ರೆ ನಿಮ್ಮ ಕೆಂಪು ಬಳೆ ಕೆಂಪು. ಈ ಕಣ್ಣಲ್ಲಿ ನೋಡಿದ್ರೆ ಒಗೆದೂ ಒಗೆದೂ ಬಿಸಿಲಿಗೆ ಹಾಕಿದ ಹಂಗಿದೆ. ಗುಡ್ಡೆ ತಿರುಗ್ಸಿದ್ರೆ ನೋವು ಬೇರೆ."

"ದಾರ ಪೋಣಿಸೀ ಪೋಣಿಸೀ ಸೋತಿರ್ತದೆ, ಒಂದೆರಡು ದಿನ ಬಿಡು" ಅಂದೆ. ಕೆಲವು ವಾರಕ್ಕೆ ಅದು ತಾನಾಗಿಯೇ ಹೆಚ್ಚು ಕಡಿಮೆ ಸರಿಹೋಯಿತು. ಆಮೇಲೆ ಕಾಲು. ಪೆಡಲ್ ಮೇಲಿನ ಪಾದ ಅರಳೆಯ ಮೇಲೆ ಇಟ್ಟ ಹಾಗಿದೆ ಅಂದಳು. ಮಧ್ಯಾಹ್ನದ ಸೆಕೆಗೆ ಹೆಚ್ಚು, ಬೆಳಗ್ಗೆ ಕಡಿಮೆ. ಲೋಕ ಯಂತ್ರಕ್ಕೆ ಎಣ್ಣೆ ಬಿಟ್ಟ, ಪಟ್ಟಿ ಬದಲಾಯಿಸಿದ. ಪಾಪ, ಅವನಿಗೆ ಗೊತ್ತಿದ್ದ ರಿಪೇರಿ ಅದು.

ಗೌರಿ ಹಬ್ಬದ ಹಿಂದಿನ ದಿನ ಅವಳಿಗೆ ಬಳೆ ತೊಡಿಸಲು ಕೂತೆ. ನನ್ನ ಕೈಗೆ ಸಿಕ್ಕ ಕೈಗಳೆಲ್ಲ ಹೆಬ್ಬೆರಳ ಗೆಣ್ಣಿನ ಹತ್ತಿರ ಬಂದಾಗ ನನ್ನನ್ನು ಸ್ವಲ್ಪ ಬೈದೇ ಬೈಯುತ್ತವೆ. ಒಂದು ಸೆಳೆಯುತ್ತದೆ, ಒಂದು ಬಿಗಿಯುತ್ತದೆ. ವನಜಳ ಎಡಗೈ ಬೈಯಲಿಲ್ಲ. ಗೆಣ್ಣಿನ ಮೇಲೆ ಬಳೆ ಪಟ್ಟೆಂದು ಒಡೆದು ಚೂರು ಚರ್ಮಕ್ಕೆ ಇಳಿಯಿತು. ಅವಳು ಹಬ್ಬಕ್ಕೆ ಎಷ್ಟು ತೆಂಗಿನಕಾಯಿ ತರಬೇಕೆಂದು ಮಾತಾಡುತ್ತಲೇ ಇದ್ದಳು. ರಕ್ತ ನನ್ನ ಮಡಿಲಿಗೆ ಬಿದ್ದಿತು. ಹಗಲು ಹೊತ್ತಿನಲ್ಲಿ ಬಾರದ ಕಾವಲಿನವರು ಓಡಿ ಬಂದು ಗಾಯದ ಸುತ್ತ ನಿಂತರು.

"ವನಜಾ, ಕೈ ನೋಡ್ಕೊಳ್ಳೇ."

ನೋಡಿಕೊಂಡಳು. ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ನೋಡಿದಳು.

ಆ ಸಂಜೆ ಅವಳ ಬಟ್ಟಲ ಹತ್ತಿರವೇ ಕೂತೆ. ಎಲ್ಲರ ಕಾವಲಿನವರು ಬಂದು ಕುಡಿದು ಆದ ಮೇಲೆ ಅವಳವರು ಬಂದರು, ದಣಿದು, ಬಾಯಲ್ಲಿ ಏನನ್ನೋ ಕಚ್ಚಿಕೊಂಡು. ಜ್ವರ ಹೊಡೆದು ಬಂದಾಗ ಅವರು ತರುವುದು ಕಪ್ಪಗೆ ಹರಿದ ಚಿಂದಿ. ಇದು ಹಾಗಿರಲಿಲ್ಲ. ಕಾದ ಹಾಲಿನ ಮೇಲಿನ ಕೆನೆಯಷ್ಟು ತೆಳ್ಳಗೆ, ಬೆಳ್ಳಗೆ, ಮಿರಿಮಿರಿ ಮಿಂಚುವ ಪೊರೆ. ಇಲಿ ಹಿಡಿದ ಬೆಕ್ಕು ಒಡತಿಯ ಕಾಲ ಬುಡದಲ್ಲಿ ತಂದಿಡುವ ಹಾಗೆ ಅದನ್ನು ಅವಳ ಬೆರಳ ತುದಿಯ ಹತ್ತಿರ ಇಟ್ಟು, ಎದೆ ಉಬ್ಬಿಸಿ ನಿಂತರು. ಹಿಂದೆ ಬಂದ ಹಿರಿಯರು ಇದ್ದದ್ದೇ ನಾಲ್ಕಾರು ಮಂದಿ, ಅವರ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

"ಇದೇನು ಗುರಕ್ಕ?"

"ನಂಗೊತ್ತಿಲ್ಲ ಕಣೇ. ಬೆಳಗ್ಗೆ ಡಾಕ್ಟರಮ್ಮನ ಹತ್ರ ಹೋಗೋಣ" ಅಂದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದು ಅರ್ಧ ಔಷಧ ಅಂತ ನನ್ನ ತಾಯಿ ಹೇಳುತ್ತಿದ್ದಳು.

ನಮ್ಮ ಡಾಕ್ಟರಮ್ಮ ಮೆಹರುನ್ನಿಸಾ ಹೊರಗಿನಿಂದ ಬಂದವರು. ಅವರ ಕಾವಲಿನವರು ಹೊರಗೆ ಬರುವುದಿಲ್ಲ. ಆದರೂ ಊರಿನ ಮರ್ಯಾದೆಗೆಂದು ಸಂಜೆಯಾದರೆ ಒಂದು ಖಾಲಿ ಬಟ್ಟಲು ಮುಂದಿಟ್ಟುಕೊಂಡು ಕೂರುತ್ತಾರೆ. ಅದಕ್ಕೇ ಊರಿಗೆ ಅವರ ಮೇಲೆ ಪ್ರೀತಿ. ವನಜಳ ತಲೆಯ ಸ್ಕ್ಯಾನ್ ಮಾಡಿಸಿ, ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಗೋಡೆಗೆ ಸುಣ್ಣ ಹೊಡೆಯುವಾಗ ನೆಲದ ಮೇಲೆ ಹನಿ ಬೀಳುವುದಿಲ್ಲವೇ, ಹಾಗೆ ಅಲ್ಲಲ್ಲಿ ಬಿಳಿ ಚುಕ್ಕೆ.

"ಇದಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತಾರೆ" ಅಂದರು. "ತಲೆಯಿಂದ ಕೈಕಾಲಿಗೆ, ಕಣ್ಣಿಗೆ ಸುದ್ದಿ ಒಯ್ಯೋದು ನರ. ಅದರ ಮೇಲೊಂದು ಹೊದಿಕೆ ಇರುತ್ತೆ. ನಿನ್ನ ಕಾವಲಿನೋರು ಆ ಹೊದಿಕೆನ ಕಿತ್ತು ತರ್ತಿದಾರೆ. ಅದಕ್ಕೇ ಸುದ್ದಿ ದಾರೀಲೇ ನಿಂತುಹೋಗುತ್ತೆ."

"ಅಂದ್ರೆ ತಾಮ್ರದ ತಂತಿ ಮೇಲಿನ ವಾರ್ನಿಷ್ ಎದ್ದೋದ ಹಂಗೆ" ಅಂದ ಲೋಕ.

"ಹಂಗೇ ಅನ್ಕೋ."

"ವಾರ್ನಿಷ್ ಹೋದ್ರೆ ಮೋಟಾರು ಸುಟ್ಟೋಗುತ್ತೆ ಡಾಕ್ಟರಮ್ಮ."

"ಮೋಟಾರಿಗೂ ಮೈಗೂ ಒಂದು ವ್ಯತ್ಯಾಸ ಇದೆಯಪ್ಪ. ಮೈ ತಾನೇ ಸ್ವಲ್ಪ ಸ್ವಲ್ಪ ಮತ್ತೆ ಬಳ್ಕೊಳ್ಳುತ್ತೆ. ಪೂರ್ತಿ ಅಂತ ಹೇಳೋಕಾಗಲ್ಲ. ಕೀಳೋದು ನಿಂತರೆ ಬಳಿಯೋಕೆ ಪುರಸೊತ್ತು ಸಿಗುತ್ತೆ." ಆಮೇಲೆ ವನಜಳನ್ನು ಕೇಳಿದರು: "ಹಿಂದೆ ಯಾವತ್ತಾದ್ರೂ ಕುತ್ತಿಗೇಲಿ ಗಂಟು ಊದಿ ಜ್ವರ ಬಂದಿತ್ತಾ?"

"ಕಾಲೇಜಿಗೆ ಹೋಗೋವಾಗ ಬಂದಿತ್ತು. ಒಂದು ತಿಂಗಳು ಮಲಗಿದ್ದೆ."

"ಆ ಜ್ವರದ ಬಟ್ಟೆ ನೇಯ್ಗೆನೂ ನರದ ಹೊದಿಕೆ ನೇಯ್ಗೆನೂ ಒಂದಕ್ಕೊಂದು ಹೋಲುತ್ತೆ ಅಂತಾರೆ. ಗುರುತಿನೋರು ಆ ಬಟ್ಟೆ ಚೂರನ್ನ ಇನ್ನೂ ಇಟ್ಕೊಂಡಿದಾರೆ. ಅದನ್ನ ನೋಡಿ ಏಟಿನೋರು ನಿನ್ನ ಹೊದಿಕೆನೇ ಕಳ್ಳ ಅಂದ್ಕೊಂಡಿದಾರೆ. ತಲೆ, ಬೆನ್ನುಹುರಿ ಸುತ್ತ ಒಂದು ಗೋಡೆ ಇದೆ, ಅದನ್ನ ದಾಟಿ ಗುಂಪು ಕಟ್ಕೊಂಡು ಹೋಗೋದು ಅವರ ಪದ್ಧತಿ ಅಲ್ಲ, ನಿನ್ನೋರು ದಾಟಿದಾರೆ. ಹಿಂದಕ್ಕೆ ಎಳೆಯೋ ಹಿರಿಯರಿಗೆ ಶಕ್ತಿ ಸಾಲ್ತಿಲ್ಲ. ಆ ಜ್ವರ ಊರಲ್ಲಿ ಬಹಳ ಜನಕ್ಕೆ ಬಂದು ಹೋಗಿರುತ್ತೆ, ಎಲ್ಲರಿಗೂ ಹಿಂಗಾಗಲ್ಲ. ನಿನಗೇ ಯಾಕೆ ಅಂದ್ರೆ ನನಗೆ ಗೊತ್ತಿಲ್ಲಮ್ಮ. ಪೂರ್ತಿ ಗೊತ್ತಿರೋರು ಯಾರೂ ಇಲ್ಲ."

ವನಜ ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಕೊನೆಗೆ ಕೇಳಿದಳು: "ಕೂಸು ಆಗಬಹುದಾ?"

"ಆಗಬಹುದು. ಮೊದಲು ಈ ಗಲಾಟೆ ತಣ್ಣಗೆ ಮಾಡೋಣ. ಗುರುತಿನೋರನ್ನ ಕಡಿಮೆ ಮಾಡೋ ಔಷಧ ಇದೆ, ಡ್ರಿಪ್ಪಿನಲ್ಲಿ ಕೊಡ್ತೀವಿ. ಆಮೇಲೆ ಯಾವಾಗ ಬಸಿರಾಗಬೇಕು ಅಂತ ನನ್ನ ಕೇಳೇ ಮುಂದುವರೀಬೇಕು." ಬಾಗಿಲ ತನಕ ಬಂದು ಇನ್ನೊಂದು ಮಾತು ಸೇರಿಸಿದರು: "ಅವರ ಮೇಲೆ ಕೋಪ ಮಾಡ್ಕೋಬೇಡ ವನಜ. ಕೆಟ್ಟೋರಲ್ಲ, ತಪ್ಪು ತಿಳ್ಕೊಂಡೋರು."

ವನಜ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡವನು ಲೋಕ. ಔಷಧ ದೊಡ್ಡ ಊರಿನಿಂದ ಬರಬೇಕು, ಕೆಲವು ದಿನ ಹಿಡಿಯುತ್ತದೆ ಎಂದು ಹೇಳಿದ್ದರು. ಅಷ್ಟು ದಿನ ಸುಮ್ಮನೆ ಕೂರುವುದು ಅವನಿಂದಾಗಲಿಲ್ಲ. ಒಂದು ಸಂಜೆ ಅವಳ ಕಾವಲಿನವರು ಬಟ್ಟಲಿಗೆ ಇಳಿದದ್ದೇ ತಡ, ಅವಳನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಬಿಟ್ಟ. ಮೋಟಾರಿನ ಸುರುಳಿಗೂ ಕಬ್ಬಿಣಕ್ಕೂ ನಡುವೆ ಇಡುವ ಹಳದಿ ಕಾಗದ ಇರುತ್ತದಲ್ಲ, ಅದನ್ನು ಸೀಳಿ ಬಾಗಿಲಿನ ಸಂದು, ಕಿಟಕಿಯ ಸಂದು, ಹೊಸಿಲಿನ ಕೆಳಗೆಲ್ಲ ತುರುಕಿದ.

ಬೆಳಗ್ಗೆ ಹಾಲು ಹಾಕಲು ಹೋದ ನಾಗಮ್ಮ, ಮೊಸರು ಚೆಲ್ಲಿದ್ದಾರೆ ಎಂದುಕೊಂಡು ಒರೆಸಲು ಬಗ್ಗಿ, ಕೂಗಿಕೊಂಡು ನನ್ನ ಹತ್ತಿರ ಓಡಿ ಬಂದಳು. ನಾನು ಹೋಗಿ ನೋಡಿದೆ. ಅವರೆಲ್ಲ ಹೊಸಿಲಿನ ಮೇಲೆ ಒಬ್ಬರ ಮೈಗೆ ಒಬ್ಬರು ಒತ್ತಿಕೊಂಡು ಕೂತಿದ್ದರು. ಬಟ್ಟಲಿನ ತಿಳಿ ಹಾಗೇ ಇತ್ತು. ನಾನು ಬಾಗಿಲು ಬಡಿದೆ. ಒಳಗಿನಿಂದ ಲೋಕ, "ಅವಳಿಗೇನಾಗಿಲ್ಲ, ಚೆನ್ನಾಗಿದಾಳೆ, ನೀವು ಹೋಗಿ ಗುರಕ್ಕ" ಅಂದ. ಮಾರನೆಯ ದಿನವೂ ಅದನ್ನೇ ಅಂದ. ಅದರ ಮಾರನೆಯ ದಿನ ಮಾತ್ರ ಅವನ ದನಿ ಬೇರೆಯಾಗಿತ್ತು. ಹೊಲಿಗೆಯ ಸೂಜಿ ವನಜಳ ಬೆರಳಿಗೆ ಚುಚ್ಚಿತ್ತಂತೆ, ಅಷ್ಟೇ. ವಾರಕ್ಕೆ ಹತ್ತು ಸಲ ಚುಚ್ಚುವ ಸೂಜಿ. ಬೆರಳು ಬದನೆಕಾಯಿಯಾಗಿ, ಕೆಂಪು ಗೆರೆ ಮೊಣಕೈ ಮುಟ್ಟಿ, ಮೈ ಕೆಂಡವಾಗಿತ್ತು.

"ತೆಗಿಯೋ ಬಾಗ್ಲು!"

"ತೆಗೆಯಲ್ಲ! ಬೇಲೀನೇ ಎದ್ದು ಹೊಲ ಮೇಯ್ದಿದೆ ಗುರಕ್ಕ, ಮತ್ತೆ ಒಳಗೆ ಬಿಟ್ಕೊಳ್ಳಲಾ?"

"ಬೇಲಿ ಮೇಯ್ತು ಅಂತ ಬೇಲಿ ಕಿತ್ತಾಕಿದ್ರೆ ಊರ ದನ ಎಲ್ಲ ಬಿಡ್ತದೇನೋ ದಡ್ಡ! ಸೂಜಿ ಮೊನೆ ದೆಸೆಯಿಂದ ಹೆಂಡ್ತಿನ ಕಳ್ಕೊಂತೀಯಾ?"

ಕಾಗದ ಹರಿಯುವ ಸದ್ದು ಕೇಳಿಸಿತು. ಬಾಗಿಲು ತೆರೆದವಳು ವನಜ. ಗೋಡೆ ಹಿಡಿದುಕೊಂಡು, ಒಂದು ಕಾಲು ಎಳೆಯುತ್ತ ಬಂದು ಹೊಸಿಲಿನ ಮೇಲೆ ಕೂತಳು. ಲೋಕ ಹಿಂದೆ ನಿಂತಿದ್ದ, ಕೈ ತುಂಬ ಹಳದಿ ಕಾಗದ, ಕಣ್ಣಿನಲ್ಲಿ ನೀರು.

ಅವಳು ಊದಿದ ಕೈಯನ್ನು ಅವರ ಮುಂದೆ ನೆಲಕ್ಕೆ ಇಟ್ಟು, "ಸಾಕು, ಬನ್ರಪ್ಪ" ಅಂದಳು.

"ಸಾಕು ಅಂತ ಹೇಳು, ಓಡ್ಸು ಅವರನ್ನ. ಅವರು ನಿನ್ನ ತಿನ್ನೋರು!" ಅಂದ ಲೋಕ.

"ಸಾಕು ಅಂತಾನೇ ಹೇಳ್ತಿದೀನಲ್ರೀ. ಓಡ್ಸೋದು ಅಂತ ಅದಕ್ಕೆ ಅರ್ಥ ಯಾವಾಗ ಬಂತು? ಸಾಕೋದು ಅಂತಲೂ ಅದೇ ಮಾತಲ್ವಾ. ನಾನು ಹುಟ್ಟಿದಾಗಿಂದ ಸಾಕಿದೋರು ಇವರು. ಮನೇಲಿ ಒಬ್ಬ ಮಗ ಹುಚ್ಚಾಟ ಆಡ್ದ ಅಂತ ಹೊಸಿಲಾಚೆ ಹಾಕಿ ಬಾಗ್ಲು ಹಾಕ್ತಾರಾ?"

ಕಾವಲಿನವರು ಅವಳ ಮಣಿಕಟ್ಟು ಹತ್ತಿದರು. ಎಲ್ಲರೂ ಬರಲಿಲ್ಲ, ಹೊಸಿಲಿನಲ್ಲೇ ಒಣಗಿಹೋದವರನ್ನು ಲೋಕ ಒಂದು ಎಲೆಯ ಮೇಲೆ ಎತ್ತಿಕೊಂಡು ಬಾವಿಯ ಹತ್ತಿರದ ದಾಸವಾಳದ ಬುಡಕ್ಕೆ ಇಟ್ಟ. ಬೆರಳಿನ ಊತ ಇಳಿಯಲು ಡಾಕ್ಟರಮ್ಮನ ಸೂಜಿಯೂ ಬೇಕಾಯಿತು, ಕಾವಲಿನವರೂ ಬೇಕಾದರು.

ಆಮೇಲೆ ಔಷಧ ಬಂತು. ಡ್ರಿಪ್ ಕೊಡುವ ದಿನ ನಾನೂ ಆಸ್ಪತ್ರೆಯಲ್ಲಿ ಕೂತಿದ್ದೆ. ಅಂದಿನಿಂದ ಅವಳ ಬಟ್ಟಲಿನಲ್ಲಿ ಗುರುತಿನವರು ಕಮ್ಮಿಯಾದರು. ಹಿರಿಯರನ್ನು ಹೆಚ್ಚಿಸುವ ಔಷಧವೇನಾದರೂ ಇದೆಯೇ ಎಂದು ವನಜ ಕೇಳಿದ್ದಕ್ಕೆ, "ಹುಡುಕ್ತಿದಾರೆ, ಇನ್ನೂ ಕೈಗೆ ಬಂದಿಲ್ಲ" ಅಂದರು ಡಾಕ್ಟರಮ್ಮ. ತಾನು ದಿನಾ ಸಂಜೆ ಕಾವಲಿನವರಿಗೆ ಬುದ್ಧಿ ಹೇಳುತ್ತೇನೆಂದು ವನಜ ಹೇಳಿದಾಗ ನಕ್ಕು, "ಹೇಳು, ಒಳ್ಳೇದೇ. ಡ್ರಿಪ್ ಮಾತ್ರ ತಪ್ಪಿಸಬೇಡ" ಅಂದರು.

ಕಾವಲು ತೆಳುವಾದವಳ ಜೊತೆ ಬಾಳುವುದನ್ನು ಊರು ಕಲಿತುಕೊಂಡಿತು. ನೆಗಡಿಯಾದವರು ನಮ್ಮ ಅಂಗಡಿಯ ಮುಂದೆ ಬರುವಾಗ ರಸ್ತೆಯ ಆಚೆ ಬದಿಗೆ ಸರಿದು, ಬಾಯಿಗೆ ವಸ್ತ್ರ ಹಿಡಿದು, ಅಲ್ಲಿಂದಲೇ ರವಿಕೆಯ ಅಳತೆ ಕೂಗುತ್ತಿದ್ದರು. ಇಡೀ ಬೀದಿಗೆ ಒಬ್ಬೊಬ್ಬರ ಸುತ್ತಳತೆ ತಿಳಿಯಿತು. ನಾಗಮ್ಮನದು ತಿಳಿದಾಗ ಒಂದು ವಾರ ಅವಳು ಹಾಲಿಗೆ ನೀರು ಜಾಸ್ತಿ ಹಾಕಿದಳು. ಲೋಕ ಯಂತ್ರದ ಪೆಡಲ್ ತೆಗೆದು ಒಂದು ಸಣ್ಣ ಮೋಟಾರು ಕೂರಿಸಿಕೊಟ್ಟ. ಎಡಗೈ ಮಾತ್ರ ಸರಿಯಾಗಿ ಮರಳಲಿಲ್ಲ. ಕಣ್ಣು ಬೇರೆಡೆ ಇದ್ದರೆ ಆ ಕೈ ಎಲ್ಲಿದೆ ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ. ಹಿಡಿದ ಬಟ್ಟೆ ಜಾರಿ ಬೀಳುತ್ತಿತ್ತು. ನಾನು ಆ ಕೈಗೆ ಸಡಿಲವಾದ ಗಾಜಿನ ಬಳೆ ಜಾಸ್ತಿ ತೊಡಿಸಿದೆ. "ಕೈ ನಿಂಗೆ ತಿಳೀದಿದ್ರೆ ಬೇಡ, ಕೇಳ್ಸುತ್ತೆ. ಬಳೆ ಮೊಣಕೈ ಕಡೆ ಜಾರಿದ್ರೆ ಕೈ ಮೇಲಿದೆ, ಮಣಿಕಟ್ಟಿಗೆ ಬಿದ್ರೆ ಕೆಳಗಿದೆ. ಕಿವೀಲಿ ಹಿಡ್ಕೊ" ಅಂದೆ. ಕೆಲವು ದಿನ ತಪ್ಪಿದಳು. ಆಮೇಲೆ ಬಳೆಯ ಸದ್ದಿನ ಮೇಲೇ ಬಟ್ಟೆ ಮಡಿಸುವುದನ್ನು ಕಲಿತಳು.

ಡಾಕ್ಟರಮ್ಮ ಸರಿ ಅಂದ ಮೇಲೆ ಬಸಿರಾದಳು. ಆ ತಿಂಗಳುಗಳಲ್ಲಿ ಅವಳ ಕಾವಲಿನವರನ್ನು ನೋಡಬೇಕಿತ್ತು! ಮನೆಗೆ ನೆಂಟರು ಬಂದಾಗ ರಂಪ ಮಾಡುವ ಮಕ್ಕಳೂ ತೆಪ್ಪಗಾಗುವ ಹಾಗೆ ಸದ್ದಿಲ್ಲದೆ ಬಂದು, ಸದ್ದಿಲ್ಲದೆ ಕುಡಿದು, ಹಿರಿಯರ ಹಿಂದೆ ಸಾಲಾಗಿ ಹೋಗುತ್ತಿದ್ದರು. ಪೊರೆ ಒಂದನ್ನೂ ತರಲಿಲ್ಲ. ಬಸಿರಿನಲ್ಲಿ ಹೀಗಾಗುವುದುಂಟು, ಹೆರಿಗೆಯಾದ ಮೇಲೆ ಎಚ್ಚರ ಬೇಕು ಎಂದಿದ್ದರು ಡಾಕ್ಟರಮ್ಮ.

ಸೀಮಂತಕ್ಕೆ ಹಸಿರು ಬಳೆ ತೊಡಿಸಿದ್ದು ನಾನೇ. ಬಲಗೈ ಮುಗಿಸಿ ಎಡಗೈ ಹಿಡಿದಾಗ ನನ್ನ ಕೈಯೇ ಹಿಂಜರಿಯಿತು. ಮೆಲ್ಲಗೆ ಒತ್ತಿ ಗೆಣ್ಣು ದಾಟಿಸುತ್ತಿದ್ದೆ, ವನಜ ಕೈ ಸೆಳೆದುಕೊಂಡು ಚೀರಿದಳು: "ಅಯ್ಯೋ, ನೋವು ಗುರಕ್ಕ!"

ಹೆಂಗಸರೆಲ್ಲ ನಕ್ಕರು. "ಬಳೆಗೇ ಹಿಂಗಂದ್ರೆ ಹೆರಿಗೆಗೆ ಏನಂತೀಯೇ" ಅಂದಳು ನಾಗಮ್ಮ. ನಾನು ನಗಲಿಲ್ಲ. ವನಜಳೂ ನಗಲಿಲ್ಲ, ನನ್ನ ಮುಖ ನೋಡುತ್ತಿದ್ದಳು. "ಇನ್ನೊಂದ್ಸಲ ಒತ್ತಿ" ಅಂದಳು. ಒತ್ತಿದೆ. "ಆಯ್!" ಅಂದಳು. ಬೈಯದ ಕೈ ನನ್ನನ್ನು ಬೈದಿತ್ತು. ಗಾಜಿನ ಪುಡಿ ಕಣ್ಣಿಗೆ ಬಿತ್ತೆಂದು ಹೇಳಿ ನಾನು ಎದ್ದು ಹಿತ್ತಲಿಗೆ ಹೋದೆ.

ಹೆಣ್ಣು ಕೂಸು. ಹೆರಿಗೆ ಸಲೀಸಾಯಿತು. ಆದರೆ ಡಾಕ್ಟರಮ್ಮ ಹೇಳಿದ್ದು ಸುಳ್ಳಾಗಲಿಲ್ಲ. ಬಾಣಂತನದ ನಡುವೆಯೇ ಒಂದು ಬೆಳಗ್ಗೆ ಎಡಗೈ ಮತ್ತೆ ಮರಗಟ್ಟಿತು. ಬಟ್ಟಲಿನಲ್ಲಿ ಮತ್ತೆ ಬಿಳಿ ಪೊರೆ. ಆಸ್ಪತ್ರೆಗೆ ಹೋಗಿ ಬಂದಳು, ಮುಂದಿನ ಡ್ರಿಪ್ಪಿಗೆ ದಿನ ಗೊತ್ತಾಯಿತು. ತೊಟ್ಟಿಲ ಶಾಸ್ತ್ರ ಅದಕ್ಕೂ ಮುಂಚೆಯೇ ಬಂತು.

ಊರಿನ ಹೆಂಗಸರು ಹಿಂದಿನ ದಿನ ನನ್ನ ಅಂಗಡಿಗೆ ಬಂದರು. ಮುಂದೆ ನಿಂತು ಮಾತಾಡಿದವಳು ನಾಗಮ್ಮ. "ಗುರಕ್ಕ, ತಪ್ಪು ತಿಳೀಬೇಡ. ವನಜನ್ನ ಕಂಡ್ರೆ ನಮಗೂ ಕರುಳು ಚುರ್ ಅನ್ನುತ್ತೆ. ಆದ್ರೆ ಅವಳೋರು ಮನೆಯೋರನ್ನೇ ಕಳ್ಳರು ಅನ್ನೋರು. ಅದನ್ನೇ ಕೂಸಿನೋರಿಗೆ ಹೇಳ್ಕೊಟ್ರೆ ಗತಿಯೇನು? ನಿನ್ನ ಬಟ್ಲು ಕೊಟ್ಬಿಡು."

"ಬಟ್ಟಲಿಂದ ಬಟ್ಟಲಿಗೆ ಈ ಕಾಯಿಲೆ ದಾಟಲ್ಲ ಅಂತ ಡಾಕ್ಟರಮ್ಮ ಹೇಳಿದಾರಲ್ಲ."

"ಅವರದು ಖಾಲಿ ಬಟ್ಲು ಕಣಕ್ಕ, ಅವರಿಗೇನು ಗೊತ್ತು?"

ಸುಳ್ಳು ಯಾಕೆ ಹೇಳಲಿ, ಅವರು ಹೋದ ಮೇಲೆ ನನ್ನ ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ತಿಕ್ಕುತ್ತಿದ್ದಾಗ, ನನ್ನ ಕೈ ಯಾಕೆ ಇಷ್ಟು ಸಡಗರ ಪಡುತ್ತಿದೆ ಎಂದು ನನಗೇ ನಾಚಿಕೆಯಾಯಿತು. ಇಷ್ಟು ವರ್ಷ ಕಾದಿದ್ದ ಬಟ್ಟಲು ಅದು. ಮಾರನೆಯ ಸಂಜೆ ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೋಗಿ ಮೂಲೆಯಲ್ಲಿ ಕೂತೆ.

ತೊಟ್ಟಿಲ ಪಕ್ಕದಲ್ಲಿ ವನಜ ಕೂತಿದ್ದಳು. ಲೋಕ ಹೆಂಗಸರ ಮುಖವನ್ನೂ ಹೆಂಡತಿಯ ಮುಖವನ್ನೂ ಸರದಿಯ ಮೇಲೆ ನೋಡುತ್ತಿದ್ದ. ನಾಗಮ್ಮ ಮಾತು ತೆಗೆದು, ನನ್ನ ಹೆಸರು ಹೇಳಿ, ಮುಗಿಸಿದಳು. ವನಜ ನನ್ನ ಕಡೆ ತಿರುಗಿದಳು.

"ನೀವೇನಂತೀರಿ ಗುರಕ್ಕ?"

"ನಾನೇನನ್ಲಿ, ಕೂಸು ನಿಂದು. ಹೆತ್ತ ಬಟ್ಲು ಇರೋವಾಗ ಸಾಲದ ಬಟ್ಲು ಯಾಕೆ?" ಅಂದೆ. ಅನ್ನುತ್ತ ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡೆ.

"ಮತ್ತೆ ಸೆರಗೊಳಗೆ ಏನದು?"

ನಾನು ತೆಗೆಯಲಿಲ್ಲ. ಅವಳೇ ಬಗ್ಗಿ, ಬಲಗೈಯಿಂದ ಸೆರಗು ಸರಿಸಿ ನೋಡಿ, ನಕ್ಕಳು. "ಎಷ್ಟು ಫಳಫಳ ತಿಕ್ಕಿದೀರ! ಇಡಿ, ನಿಮ್ಮದೂ ಈ ಕಡೆ ಇಡಿ. ನಮ್ಮೋರಲ್ಲಿ ಹಿರಿಯರು ಕಮ್ಮಿ. ಮಗಳು ಬುದ್ಧಿ ಕಲಿಯೋವಾಗ ಮನೇಲಿ ದೊಡ್ಡೋರು ಒಬ್ಬರಿರಲಿ." ತನ್ನ ಬಟ್ಟಲು, ನಡುವೆ ಕೂಸಿನ ಪುಟ್ಟ ಬಟ್ಟಲು, ಆಚೆಗೆ ನನ್ನದು. ಮೂರನ್ನೂ ಅಂಚಿಗೆ ಅಂಚು ತಾಗಿಸಿದಳು. ಮೂರು ಬಟ್ಟಲಿಗೆ ಶಾಸ್ತ್ರ ಏನು ಹೇಳುತ್ತದೆಂದು ನಾಗಮ್ಮನಿಗೂ ಗೊತ್ತಿರಲಿಲ್ಲ.

ದೀಪ ಹಚ್ಚಿದರು. ಕೂಸಿನವರು ಇಳಿದರು. ಎಳೆಯ ಕೂಸಿನ ಕಾವಲಿನವರಿಗೆ ನಿಲ್ಲಲೂ ಬಾರದು, ಕೂರಲೂ ಬಾರದು. ಅಂಚಿನಿಂದ ಜಾರಿ ತಿಳಿಯೊಳಗೆ ಬಿದ್ದು, ಎದ್ದು, ಮತ್ತೆ ಬಿದ್ದರು. ಆಮೇಲೆ ವನಜಳವರು ಬಂದರು. ಮುಂದಿದ್ದ ಒಬ್ಬನ ಬಾಯಲ್ಲಿ ಬಿಳಿ ಪೊರೆ. ಗುರುತಿನವನು. ನೇರವಾಗಿ ಕೂಸಿನ ಬಟ್ಟಲ ಅಂಚಿಗೆ ಹೋಗಿ ಅದನ್ನು ಎತ್ತಿ ಹಿಡಿದ. ಎಳೆಯವರೆಲ್ಲ ಅವನ ಸುತ್ತ ಕೂಡಿದರು.

ಲೋಕ ಬಟ್ಟಲು ಎಳೆಯಲು ಕೈ ಚಾಚಿದ. ಝಲ್ಲೆಂದು ಬಳೆ ಸದ್ದಾಯಿತು. ವನಜಳ ಮರಗಟ್ಟಿದ ಎಡಗೈ ಅವನ ಕೈಗೆ ಅಡ್ಡ ಬಂದಿತ್ತು.

"ತಾಳ್ರೀ" ಅಂದಳು. ಬಟ್ಟಲ ಮೇಲೆ ಬಗ್ಗಿ, ಹೊಸ ಲಂಗದ ಅಳತೆ ಕೇಳುವಷ್ಟೇ ಮೆತ್ತಗೆ ಹೇಳಿದಳು: "ಅದು ನಂದು ಕಣಪ್ಪ. ಕಳ್ಳನದಲ್ಲ, ನಂದು. ಹೇಳ್ಕೊಡೋದಾದ್ರೆ ಹಂಗೇ ಹೇಳ್ಕೊಡು."

ಗುರುತಿನವನು ಪೊರೆ ಹಿಡಿದುಕೊಂಡೇ ನಿಂತ. ಆಗ ಹಿಂದಿನಿಂದ ಒಬ್ಬ ಹಿರಿಯ ನಿಧಾನಕ್ಕೆ ನಡೆದು ಬಂದ. ಅವಳ ಬಟ್ಟಲಿನಿಂದ ಬಂದನೋ ನನ್ನ ಬಟ್ಟಲಿನಿಂದ ಬಂದನೋ, ದೇವರಾಣೆ ನಾನು ನೋಡಲಿಲ್ಲ. ಮೂರೂ ಅಂಚು ಕೂಡಿದ್ದವು. ಮಗುವಿನ ಬಾಯಿಂದ ಮಣ್ಣು ತೆಗೆಯುವ ಹಾಗೆ ಗುರುತಿನವನ ಬಾಯಿಂದ ಪೊರೆಯನ್ನು ಬಿಡಿಸಿಕೊಂಡ. ಎಳೆಯವರಿಗೆ ಒಬ್ಬೊಬ್ಬರಿಗೂ ಮೂಸಲು ಕೊಟ್ಟ. ಆಮೇಲೆ ಅದನ್ನು ಹೊತ್ತುಕೊಂಡು ಹೋಗಿ ವನಜಳ ಮಣಿಕಟ್ಟಿನ ಮೇಲೆ, ಬಳೆಗಳ ಕೆಳಗೆ, ಎಲ್ಲಿಂದ ಬಂದಿತ್ತೋ ಅಲ್ಲೇ ಹೊದಿಸಿ ಒತ್ತಿದ. ಎಳೆಯವರು ಅವನ ಹಿಂದೆಯೇ ಹತ್ತಿ, ಆ ಜಾಗದ ಸುತ್ತ ಕೂತುಕೊಂಡರು, ಕಾವಲಿಗೆ.

"ಸಾಕು, ಏಳ್ರಪ್ಪ" ಅಂದಳು ವನಜ. ಅವಳವರು ಎದ್ದರು. ನನ್ನವರೂ ಎದ್ದರು. ಕೂಸಿನವರಿಗೆ ಮಾತ್ರ ಆ ಮಾತು ಇನ್ನೂ ತಿಳಿಯದು. ಬಳೆಯ ಕೆಳಗೆ ಹಾಗೇ ಕೂತಿದ್ದರು. ಅವಳು ಆ ಕೈಯನ್ನು ತೊಟ್ಟಿಲ ಹಗ್ಗಕ್ಕೆ ಹಾಕಿ ತೂಗತೊಡಗಿದಳು. ಹಗ್ಗ ಕೈಯಲ್ಲಿದೆಯೋ ಇಲ್ಲವೋ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಬಳೆ ಮೇಲೆ ಜಾರಿ, ಕೆಳಗೆ ಬಿದ್ದು ಸದ್ದು ಮಾಡುತ್ತಿತ್ತು, ಅವಳು ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಆ ಸದ್ದಿಗೆ ಸರಿಯಾಗಿ, ಲಾಲಿ ಹೇಳುವ ಹಾಗೆ, ಅವರಿಗೆ ಮೊದಲ ಮಾತು ಕಲಿಸುತ್ತಿದ್ದಳು: "ಸಾಕು... ಸಾಕು..."